ಅಜ್ಜಿಯ ಬಳ್ಳವೂ ಚರಿತ್ರೆಯೇ

ಊರಿನ ಹಳೇ ಮನೆ ಕೆಡವುವಾಗ ಅಜ್ಜಿಯ ಬಳ್ಳ, ಸೇರು ಎಲ್ಲಾ ಗುಜರಿಗೆ ಹಾಕಿ ಅಂತ ದುಬೈನಿಂದ ಫೋನಲ್ಲಿ ಹೇಳಿದವನು ನಾನೇ. ಮುಂದಿನ ರಜೆಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸ ಅರಮನೆಗೆ ಹೋದೆ. 1968ರಲ್ಲಿ ಶುರುವಾದ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇರುವುದು ಅಲ್ಲೇ. ಅಧ್ಯಾಪಕ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮುಂತಾದವರು ತೊಗಲುಗೊಂಬೆ, ಯಕ್ಷಗಾನದ ವೇಷ, ಒಕ್ಕಲುತನದ ಸಾಮಾನುಗಳನ್ನು ಕೂಡಿಸಿದರು. ರಾಜಕುಮಾರಿಗೆಂದು ಕಟ್ಟಿದ ಅರಮನೆಯಲ್ಲಿ ರೈತನ ಸಾಮಾನಿಗೆ ಜಾಗ ಸಿಕ್ಕಿತು.

ವಸ್ತು ಇಟ್ಟರೆ ಸಾಲದು. ಯಾವ ಊರಿನದು, ಯಾರು ಬಳಸಿದ್ದು, ಏನಂತ ಕರೀತಿದ್ರು ಎಂದು ಬರೆದಿಟ್ಟರೇ ಅದು ಚರಿತ್ರೆ. ನಮ್ಮ ಬಳ್ಳ ಇನ್ನು ಸಿಗಲ್ಲ. ಅವ್ವನಿಂದ ಅದರ ಕಥೆಯನ್ನಷ್ಟೇ ಕೇಳಿ ಬರೆದುಕೊಂಡೆ. ನಿಮ್ಮನೆಯದು ಇನ್ನೂ ಅಟ್ಟದ ಮೇಲಿದ್ದರೆ, ಎಸೆಯೋ ಮುಂಚೆ ಹಿರಿಯರನ್ನು ಒಂದು ಮಾತು ಕೇಳಿ.