ಕಿರಿಕಿರಿ ಮಾಡೋದು ಅಪರಾಧವಾ? ಸ್ಪ್ಯಾಮ್, ಕಾನೂನು ಮತ್ತು ಮನೆಯವರ ಕಾವಲಿನ ಕಥೆ

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಈಗ ಕೇಳ್ತಿರೋ ಫೋನಿನಲ್ಲೇ ಎಸ್‌ಎಂಎಸ್ ಇನ್‌ಬಾಕ್ಸ್ ತೆಗೆದು ಕೊನೆಯ 20 ಮೆಸೇಜ್ ನೋಡಿ. ಅದರಲ್ಲಿ ಮನುಷ್ಯರು ಕಳಿಸಿದ್ದು ಎಷ್ಟು? ನನ್ನದರಲ್ಲಿ ಎರಡು. ಉಳಿದಿದ್ದು ಒಟಿಪಿ, ಸಾಲ ಕೊಡ್ತೀವಿ ಅನ್ನೋರು, ಸೈಟ್ ಮಾರೋರು, ನಾನು ಯಾವತ್ತೂ ಕಾಲಿಡದ ಅಂಗಡಿಯ ಹಬ್ಬದ ಆಫರ್.

ಇದರ ಬಗ್ಗೆ ಎಲ್ಲರ ಹತ್ತಿರನೂ ಒಂದು ಅಭಿಪ್ರಾಯ ಇದೆ. "ಇದಕ್ಕೆಲ್ಲ ಕಠಿಣ ಕಾನೂನು ತರಬೇಕು" ಅಂತಾರೆ. ಮಕ್ಕಳ ಕೈಗೆ ಮೊಬೈಲ್ ಕೊಡೋ ವಿಷಯ ಬಂದರೂ ಅದೇ ಮಾತು. ಸರಿ, ಕಾನೂನು ತಂದಾಗ ಏನಾಯ್ತು? ಇವತ್ತು ಆ ಕಥೆ ಹೇಳ್ತೀನಿ.

ಕಥೆ ಇಂಟರ್ನೆಟ್‌ಗಿಂತ ತುಂಬಾ ಹಿಂದೆ ಶುರುವಾಗುತ್ತೆ. 1864, ಲಂಡನ್. ಮೇ ತಿಂಗಳ ಒಂದು ರಾತ್ರಿ ಕೆಲವು ರಾಜಕಾರಣಿಗಳ ಮನೆಗೆ ಟೆಲಿಗ್ರಾಂ ಬರುತ್ತೆ. ಆ ಕಾಲದಲ್ಲಿ ರಾತ್ರಿ ಹೊತ್ತು ಟೆಲಿಗ್ರಾಂ ಅಂದ್ರೆ ಯಾರೋ ಹೋಗಿಬಿಟ್ಟರು ಅಂತಲೇ ಎದೆ ಝಲ್ ಅನ್ನೋದು. ಒಡೆದು ನೋಡಿದರೆ ಹಾರ್ಲೆ ಸ್ಟ್ರೀಟ್‌ನ ಗೇಬ್ರಿಯಲ್ ಅನ್ನೋ ದಂತವೈದ್ಯರ ಜಾಹೀರಾತು: ಅಕ್ಟೋಬರ್‌ವರೆಗೆ ನಮ್ಮ ಕ್ಲಿನಿಕ್ 10ರಿಂದ 5ರ ತನಕ ತೆರೆದಿರುತ್ತೆ ಅಂತ! ಸಿಟ್ಟಾದ ಒಬ್ಬರು 'ದಿ ಟೈಮ್ಸ್' ಪತ್ರಿಕೆಗೆ ಪತ್ರ ಬರೆದರು. ನನಗೆ ಪರಿಚಯವೇ ಇಲ್ಲದವರು ನನಗೆ ಯಾಕೆ ತೊಂದರೆ ಕೊಡಬೇಕು ಅನ್ನೋದು ಅವರ ತಕರಾರು. ಇವತ್ತು ನಾವು ಕೇಳೋದೂ ಅದೇ ಪ್ರಶ್ನೆ.

ನಾನು ಕಾಮರ್ಸ್ ಓದಿದವನು, ಹಾಗಾಗಿ ಮೊದಲು ಖರ್ಚು ಯಾರ ಲೆಕ್ಕಕ್ಕೆ ಅಂತ ನೋಡ್ತೀನಿ. ಟೆಲಿಗ್ರಾಂ ಕಳಿಸೋಕೆ ದಂತವೈದ್ಯರು ಒಂದೊಂದಕ್ಕೂ ದುಡ್ಡು ಕೊಡಬೇಕಿತ್ತು. ಹಾಗಾಗಿ ಅವರು ಇಡೀ ಲಂಡನ್‌ಗೆ ಕಳಿಸೋಕೆ ಆಗ್ತಿರಲಿಲ್ಲ. ಖರ್ಚೇ ಒಂದು ಬೇಲಿ. ಆ ಬೇಲಿ ಬಿದ್ದಿದ್ದು ಕಂಪ್ಯೂಟರ್ ಬಂದ ಮೇಲೆ.

1978ರ ಮೇ 3. ಅಮೆರಿಕದಲ್ಲಿ ಇಂಟರ್ನೆಟ್‌ನ ಅಜ್ಜ ಅನ್ನಬಹುದಾದ ಅರ್ಪಾನೆಟ್ ಇತ್ತು. ರಕ್ಷಣಾ ಇಲಾಖೆಯ ದುಡ್ಡಲ್ಲಿ ನಡೀತಿದ್ದ, ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು ಬಳಸ್ತಿದ್ದ ಜಾಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಅನ್ನೋ ಕಂಪನಿಯ ಮಾರ್ಕೆಟಿಂಗ್‌ನವರು ಗ್ಯಾರಿ ಥರ್ಕ್. ಹೊಸ ಕಂಪ್ಯೂಟರ್‌ನ ಡೆಮೊಗೆ ಜನ ಬೇಕಿತ್ತು. ಮುದ್ರಿತ ಡೈರೆಕ್ಟರಿ ಇಟ್ಟುಕೊಂಡು ವಿಳಾಸಗಳನ್ನ ಕೈಯಲ್ಲೇ ಟೈಪ್ ಮಾಡಿ, ಸುಮಾರು 400 ಜನಕ್ಕೆ ಒಂದೇ ಸಲ ಆಹ್ವಾನ ಕಳಿಸಿದರು. ವಿಳಾಸಗಳು ಎಷ್ಟಿದ್ವು ಅಂದ್ರೆ, ಅದಕ್ಕಿದ್ದ ಜಾಗ ತುಂಬಿ, ಉಳಿದವು ಪತ್ರದ ಒಳಗೇ ಹರಿದು ಬಂದ್ವು.

ಗಲಾಟೆ ಆಯ್ತು. ಸರ್ಕಾರಿ ಕೆಲಸದ ಜಾಲದಲ್ಲಿ ವ್ಯಾಪಾರ ಮಾಡಬಾರದು ಅಂತ ಎಚ್ಚರಿಕೆ ಬಂತು. ಆಗ ನಡೆದ ಚರ್ಚೆಯಲ್ಲಿ ಒಂದು ತಮಾಷೆ ಇದೆ. ಮುಂದೆ ಫ್ರೀ ಸಾಫ್ಟ್‌ವೇರ್ ಚಳವಳಿಗೆ ಹೆಸರಾದ ರಿಚರ್ಡ್ ಸ್ಟಾಲ್‌ಮನ್ ಮೊದಲು, ಇದರಲ್ಲಿ ಅಂಥ ತಪ್ಪೇನಿದೆ ಅನ್ನೋ ಹಾಗೆ ಬರೆದರು. ಅವರಿಗೆ ಆ ಮೇಲ್ ಬಂದಿರಲಿಲ್ಲ. ಯಾರೋ ಅದನ್ನ ಫಾರ್ವರ್ಡ್ ಮಾಡಿದ ಮೇಲೆ, ಆ ಉದ್ದುದ್ದ ವಿಳಾಸಪಟ್ಟಿ ನೋಡಿ, ಮಾತು ವಾಪಸ್ ತಗೊಂಡರು! ವಿಷಯ ಏನೇ ಇರ್ಲಿ, ಇಷ್ಟುದ್ದದ ತಲೆಬರಹ ಇರೋ ಮೇಲ್ ಯಾರೂ ಕಳಿಸಬಾರದು ಅಂದರು. ಸ್ವಾತಂತ್ರ್ಯದ ಬಗ್ಗೆ ನಮ್ಮ ಅಭಿಪ್ರಾಯ ಬೇರೆಯವರ ಇನ್‌ಬಾಕ್ಸ್ ತುಂಬಿದಾಗ ಒಂಥರ, ನಮ್ಮದು ತುಂಬಿದಾಗ ಇನ್ನೊಂಥರ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು 1994ರ ಏಪ್ರಿಲ್. ಅರಿಜೋನಾದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್, ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿಕೊಡ್ತೀವಿ ಅಂತ ಯೂಸ್‌ನೆಟ್‌ನ 5,000ಕ್ಕೂ ಹೆಚ್ಚು ಚರ್ಚಾ ಗುಂಪುಗಳಲ್ಲಿ ಒಂದೇ ಜಾಹೀರಾತು ಸುರಿದರು. ಬೈಗುಳದ ಮೇಲ್‌ಗಳು ಎಷ್ಟು ಬಂದ್ವು ಅಂದ್ರೆ ಅವರಿಗೆ ಇಂಟರ್ನೆಟ್ ಕೊಟ್ಟ ಕಂಪನಿಯ ಸರ್ವರ್ ಕುಸೀತು. ಅವರು ಕ್ಷಮೆ ಕೇಳಲಿಲ್ಲ. ಇದೇ ವ್ಯಾಪಾರ ಹೇಗೆ ಮಾಡೋದು ಅಂತ ಪುಸ್ತಕ ಬರೆದರು. 'ಸ್ಪ್ಯಾಮ್' ಅನ್ನೋ ಪದ ಎಲ್ಲರ ಬಾಯಿಗೆ ಬಂದಿದ್ದು ಈ ಹೊತ್ತಿಗೆ. ಅದು ಮೂಲದಲ್ಲಿ 1937ರಲ್ಲಿ ಮಾರುಕಟ್ಟೆಗೆ ಬಂದ ಡಬ್ಬಿ ಮಾಂಸದ ಹೆಸರು. ಮಾಂಟಿ ಪೈಥಾನ್ ತಂಡದ 1970ರ ಒಂದು ಹಾಸ್ಯದಲ್ಲಿ ಹೋಟೆಲಿನ ಮೆನು ತುಂಬ ಅದೇ, ಏನು ಕೇಳಿದರೂ ಅದೇ. ಅಲ್ಲಿಂದ ಇಂಟರ್ನೆಟ್‌ಗೆ ಬಂತು.

ಅಮೆರಿಕ 2003ರ ಡಿಸೆಂಬರ್‌ನಲ್ಲಿ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮಾಡ್ತು. ಸುಳ್ಳು ವಿಳಾಸ, ಸುಳ್ಳು ಶೀರ್ಷಿಕೆ ಹಾಕಬಾರದು, 'ಅನ್‌ಸಬ್‌ಸ್ಕ್ರೈಬ್' ದಾರಿ ಕೊಡಬೇಕು ಅಂತ. ಆದರೆ ಕೇಳದೆ ಕಳಿಸೋದು ತಪ್ಪಲ್ಲ! ಬೇಡ ಅಂತ ನಾವೇ ಹೇಳಬೇಕು. ಯುರೋಪ್ 2002ರಲ್ಲೇ ಉಲ್ಟಾ ಮಾಡಿತ್ತು: ಸಾಮಾನ್ಯವಾಗಿ ಮೊದಲು ಒಪ್ಪಿಗೆ ತಗೊಳ್ಳಿ, ಆಮೇಲೆ ಕಳಿಸಿ. ಈ ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಬೇಡ ಅನ್ನೋ ಶ್ರಮ ಯಾರದ್ದು ಅನ್ನೋದೇ ಇಲ್ಲಿ ಪ್ರಶ್ನೆ.

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಸ್ಪ್ಯಾಮ್ ಅಂದ್ರೆ ಇಮೇಲ್‌ಗಿಂತ ಹೆಚ್ಚು ಫೋನ್. ಟ್ರಾಯ್ 2007ರಲ್ಲಿ ಡು ನಾಟ್ ಕಾಲ್ ಪಟ್ಟಿ ತಂತು. ಅದೂ ಅಮೆರಿಕದ ದಾರಿಯೇ, ಬೇಡದವರು ಹೋಗಿ ಹೆಸರು ಬರೆಸಬೇಕು. ಅದು ಸಾಲದೆ 2010ರಲ್ಲಿ ಹೊಸ ನಿಯಮ ಬಂತು, 2011ರ ಸೆಪ್ಟೆಂಬರ್‌ನಿಂದ ಪೂರ್ತಿ ಜಾರಿ. 2018ರಲ್ಲಿ ಇನ್ನೊಂದು: ಕಂಪನಿಗಳು ತಮ್ಮ ಹೆಸರು, ಮೆಸೇಜಿನ ಮಾದರಿ ಎಲ್ಲವನ್ನೂ ಮೊದಲೇ ನೋಂದಾಯಿಸಬೇಕು. ಮೂರು ಸಲ ಬರೆದ ಮೇಲೂ ಕಾಲ್ ನಿಂತಿಲ್ಲ. ಯಾಕೆ? ನಿಯಮ ಕಟ್ಟಿಹಾಕೋದು ನೋಂದಾಯಿಸಿಕೊಂಡವರನ್ನ. ಹತ್ತಂಕಿಯ ಮಾಮೂಲಿ ಸಿಮ್ ಹಾಕಿಕೊಂಡು ಕೂತವನು ಪಟ್ಟಿಯಲ್ಲೇ ಇಲ್ಲ.

ಇರ್ಲಿ. ಇದು ಕಿರಿಕಿರಿಯ ಕಥೆ. ಇದರ ಇನ್ನೊಂದು ಮುಖ ಭಯ ಹುಟ್ಟಿಸುತ್ತೆ.

2000ದ ಐಟಿ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ಆಯ್ತು. ಅದರಲ್ಲಿ ಸೇರಿದ್ದು ಸೆಕ್ಷನ್ 66ಎ. ಅದರ ಮೂರನೇ ಭಾಗ ಓದಿದರೆ ಸ್ಪ್ಯಾಮ್ ಗುರುತು ಸಿಗುತ್ತೆ: ಕಿರಿಕಿರಿ, ಅನಾನುಕೂಲ ಮಾಡೋಕೆ, ಅಥವಾ ಎಲ್ಲಿಂದ ಬಂತು ಅಂತ ದಾರಿ ತಪ್ಪಿಸೋಕೆ ಕಳಿಸೋ ಇಮೇಲ್. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ 'ಕಿರಿಕಿರಿ' ಅಂದ್ರೆ ಏನು ಅಂತ ಎಲ್ಲೂ ಬರೆದಿರಲಿಲ್ಲ. ಶಿಕ್ಷೆ ಮೂರು ವರ್ಷದವರೆಗೆ ಜೈಲು.

2012ರ ನವೆಂಬರ್. ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನ ಪ್ರಶ್ನಿಸಿ ಮಹಾರಾಷ್ಟ್ರದ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಲೈಕ್‌ಗೆ ಅರೆಸ್ಟ್! ನಮ್ಮ ನಿಮ್ಮ ವಯಸ್ಸಿನವರೇ. ಕಾನೂನು ಓದಲು ಹೊರಟಿದ್ದ ಶ್ರೇಯಾ ಸಿಂಘಾಲ್ ಇದನ್ನ ಸುಪ್ರೀಂ ಕೋರ್ಟ್‌ಗೆ ಒಯ್ದರು. 2015ರ ಮಾರ್ಚ್ 24ರಂದು ಕೋರ್ಟ್ 66ಎಯನ್ನ ಪೂರ್ತಿ ರದ್ದು ಮಾಡ್ತು. ಒಬ್ಬರಿಗೆ ಕಿರಿಕಿರಿ ಅನಿಸಿದ್ದು ಇನ್ನೊಬ್ಬರಿಗೆ ಅನಿಸದೇ ಇರಬಹುದು, ಇಂಥ ಅಸ್ಪಷ್ಟ ಪದದ ಮೇಲೆ ಜೈಲಿಗೆ ಹಾಕೋಕಾಗಲ್ಲ ಅನ್ನೋದು ತೀರ್ಪಿನ ಒಂದು ಮುಖ್ಯ ತಿರುಳು. ಅಷ್ಟಾದರೂ ಠಾಣೆಗಳಲ್ಲಿ ಸತ್ತ ಸೆಕ್ಷನ್ ಅಡಿ ಕೇಸ್ ಬೀಳ್ತಲೇ ಇದ್ವು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಕೊಡಬೇಕಾಯ್ತು.

ಸ್ಪ್ಯಾಮ್ ಕಳಿಸುವವರನ್ನೂ ಹಿಡಿಯಬಹುದಾಗಿದ್ದ ಸೆಕ್ಷನ್ ಹೀಗೆ ಹೋಯ್ತು. ಇಮೇಲ್ ಸ್ಪ್ಯಾಮ್‌ಗೆ ಅಂತಲೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿ ಇನ್ನೂ ಇಲ್ಲ. ಸಾಲದ ಆಫರ್ ಕಳಿಸುವವರಲ್ಲ, ಅಭಿಪ್ರಾಯ ಬರೆದವರು ಠಾಣೆ ಮೆಟ್ಟಿಲು ಹತ್ತಿದರು.

ಹಾಗಂತ ಮೆಸೇಜ್ ಅಂದ್ರೆ ಬರೀ ಮೆಸೇಜ್, ಬಿಟ್ಟುಬಿಡಿ ಅನ್ನೋಕೂ ಆಗಲ್ಲ. ನಮ್ಮ ಬೆಂಗಳೂರೇ ಸಾಕ್ಷಿ. 2012ರ ಆಗಸ್ಟ್‌ನಲ್ಲಿ, ಅಸ್ಸಾಂ ಹಿಂಸಾಚಾರದ ನಂತರ, ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅನ್ನೋ ವದಂತಿ ಎಸ್‌ಎಂಎಸ್‌ನಲ್ಲಿ ಹಬ್ಬಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಮೆಜೆಸ್ಟಿಕ್ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು. ಕೇಂದ್ರ ಸರ್ಕಾರ ಇಡೀ ದೇಶದಲ್ಲಿ 15 ದಿನ ಬಲ್ಕ್ ಎಸ್‌ಎಂಎಸ್ ನಿಲ್ಲಿಸಿ, ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಜನಕ್ಕೆ ಕಳಿಸೋ ಹಾಗಿಲ್ಲ ಅಂದಿತು.

ಆರು ವರ್ಷ ಬಿಟ್ಟು, 2018. ಎಸ್‌ಎಂಎಸ್ ಹೋಗಿ ವಾಟ್ಸಾಪ್ ಬಂದಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಫಾರ್ವರ್ಡ್. ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರನ್ನ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದ್‌ನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬರನ್ನ ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನ ಐದು ಚಾಟ್‌ಗೆ ಇಳಿಸಿತು. ಮತ್ತೆ ಐದು! ಆದರೆ ಗಮನಿಸಿ, ಇಲ್ಲಿ ಯಾರ ಮಾತನ್ನೂ ಅಳಿಸಲಿಲ್ಲ. ಹಬ್ಬೋ ವೇಗ ಮಾತ್ರ ತಗ್ಗಿಸಿದರು. 1864ರಲ್ಲಿ ಖರ್ಚು ಮಾಡ್ತಿದ್ದ ಕೆಲಸವನ್ನೇ ಇಲ್ಲಿ ಈ ಮಿತಿ ಮಾಡ್ತು.

ಈಗ ಕೊನೆಯ ಭಾಗ, ಮಕ್ಕಳು. ನಮ್ಮಲ್ಲಿ ಮೊದಲ ಪೇರೆಂಟಲ್ ಕಂಟ್ರೋಲ್ ಯಾವುದು ಗೊತ್ತಾ? ತಿರುಗಿಸೋ ಫೋನಿನ ಡಯಲ್‌ಗೆ ಹಾಕ್ತಿದ್ದ ಪುಟ್ಟ ಬೀಗ. ಕೀಲಿ ಅಪ್ಪನ ಜೇಬಲ್ಲಿ. ಅದು ಬಿಲ್ಲಿನ ಭಯ. ಇಂಟರ್ನೆಟ್ ಬಂದ ಮೇಲೆ ಭಯ ಬೇರೆಯಾಯ್ತು. 2011ರ ಸೈಬರ್ ಕೆಫೆ ನಿಯಮ ಓದಿದರೆ ಇವತ್ತು ನಗು ಬರುತ್ತೆ: ಗುರುತಿನ ಚೀಟಿ ತೋರಿಸಬೇಕು, ಕ್ಯಾಬಿನ್ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು, ಅಪ್ರಾಪ್ತರು ಅಪ್ಪ-ಅಮ್ಮ ಅಥವಾ ಪೋಷಕರು ಜೊತೆಗಿಲ್ಲದೆ ಕ್ಯಾಬಿನ್ ಒಳಗೆ ಕೂರಬಾರದು. ಗೋಡೆಯ ಎತ್ತರ ಅಳೀತಾ ಇದ್ದ ಹಾಗೇ ಇಂಟರ್ನೆಟ್ ಕೆಫೆ ಬಿಟ್ಟು ಜೇಬಿಗೆ ಬಂತು.

ಅಮೆರಿಕದಲ್ಲಿ 1996ರಲ್ಲಿ ಮಕ್ಕಳ ಹೆಸರಲ್ಲಿ ಅಸಭ್ಯ ವಿಷಯ ನಿಷೇಧಿಸೋ ಕಾಯ್ದೆ ಬಂತು. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗ ರದ್ದು ಮಾಡ್ತು. ಮಕ್ಕಳನ್ನ ಕಾಪಾಡೋ ಹೆಸರಲ್ಲಿ ದೊಡ್ಡವರ ಮಾತನ್ನೂ ಮುಚ್ಚಿಸುತ್ತೆ ಅಂತ. 1998ರಲ್ಲಿ ಬಂದ ಇನ್ನೊಂದು ಕಾಯ್ದೆ ದಾರಿ ಬದಲಿಸಿತು: 13 ವರ್ಷದ ಒಳಗಿನವರ ಮಾಹಿತಿ ತಗೊಳ್ಳೋಕೆ ಪೋಷಕರ ಒಪ್ಪಿಗೆ ಬೇಕು. ಸೈನ್ ಅಪ್ ಮಾಡುವಾಗ 13 ಅನ್ನೋ ವಯಸ್ಸು ಬಂದಿದ್ದು ಅಲ್ಲಿಂದಲೇ. ಜಗತ್ತಿನ ಎಷ್ಟು ಮಕ್ಕಳು ಹುಟ್ಟಿದ ವರ್ಷ ಸುಳ್ಳು ಹಾಕೋಕೆ ಕಲಿತಿದ್ದೂ ಅಲ್ಲಿಂದಲೇ!

ನಮ್ಮಲ್ಲಿ? 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ವಿಚಾರಣೆಯಲ್ಲಿ, ಸೋಶಿಯಲ್ ಮೀಡಿಯಾಗೆ ವಯಸ್ಸಿನ ಮಿತಿ ಬೇಕು, 21 ಆದರೂ ಸರಿ ಅನ್ನೋ ಅರ್ಥದಲ್ಲಿ ಮೌಖಿಕವಾಗಿ ಹೇಳಿತು. ಅದೇ ವರ್ಷದ ಡೇಟಾ ರಕ್ಷಣಾ ಕಾಯ್ದೆ 18ರ ಒಳಗಿನವರೆಲ್ಲ ಮಕ್ಕಳು ಅನ್ನುತ್ತೆ. ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಪರಿಶೀಲಿಸಬೇಕು. ಅವರ ಹಿಂದೆ ಬಿದ್ದು ಜಾಹೀರಾತು ತೋರಿಸಬಾರದು; ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತಿನ ಭಾಗ ನನಗೆ ಪೂರ್ತಿ ಒಪ್ಪಿಗೆ. ಅಲ್ಲಿ ಹೊರೆ ಕಂಪನಿಯ ಮೇಲಿದೆ.

ಆದರೆ ಎಂಟು ವರ್ಷದ ಮಗುವನ್ನೂ 17ರ ಹುಡುಗಿಯನ್ನೂ ಒಂದೇ ತಕ್ಕಡಿಯಲ್ಲಿ ಇಡೋದು ನನಗೆ ಸರಿ ಕಾಣಲ್ಲ. ಪಿಯುಸಿ ಓದೋ ಹುಡುಗಿಗೆ ಫೋನ್ ಅಂದ್ರೆ ಬರೀ ರೀಲ್ಸ್ ಅಲ್ಲ. ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಪಾಠ, ಮನೆಯಲ್ಲಿ ಕೇಳೋಕಾಗದ ಆರೋಗ್ಯದ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಅಣ್ಣನಿಗೆ ಸಿಗೋ ಒಪ್ಪಿಗೆ ತಂಗಿಗೆ ಸಿಗಲ್ಲ, ಇದು ನಿಮಗೂ ಗೊತ್ತು. ಅಪ್ಪ-ಅಮ್ಮನ ಭಯ ಸುಳ್ಳಲ್ಲ. ಮೋಸ, ಬ್ಲ್ಯಾಕ್‌ಮೇಲ್ ಎಲ್ಲ ನಿಜ. ಆದರೆ ಬೈತಾರೆ ಅಂತ ಹೆದರಿ ಮಗು ಬ್ಲ್ಯಾಕ್‌ಮೇಲ್ ವಿಷಯ ಮುಚ್ಚಿಟ್ಟರೆ ಯಾವ ಲಾಕ್ ಏನು ಮಾಡೀತು?

ಇಷ್ಟು ಹಳೆ ಕಥೆ ಓದಿದ ಮೇಲೆ ನಾನು ಯಾವುದೇ ಹೊಸ ಇಂಟರ್ನೆಟ್ ಕಾನೂನಿಗೆ ಎರಡು ಪ್ರಶ್ನೆ ಕೇಳ್ತೀನಿ. ಒಂದು, ಶ್ರಮ ಯಾರ ತಲೆ ಮೇಲೆ: ಕಳಿಸೋ ಕಂಪನಿಯದ್ದಾ, ಪಡೆಯೋ ನಮ್ಮದಾ? ಎರಡು, ಅದರಲ್ಲಿರೋ ಪದವನ್ನ ನಮಗಾಗದ ಒಬ್ಬ ಅಧಿಕಾರಿ ಕೈಗೆ ಕೊಟ್ಟರೆ ಎಷ್ಟು ದೂರ ಎಳೀಬಹುದು? 66ಎ ಎರಡನೇ ಪ್ರಶ್ನೆಯಲ್ಲೇ ಫೇಲ್.

ಹೋಗೋಕೆ ಮುಂಚೆ ಕೈಗೆ ಸಿಗೋ ನಾಲ್ಕು ಮಾತು. ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಯ ಇಂಗ್ಲಿಷ್ ಅಕ್ಷರ ನೋಡಿ: 'ಪಿ' ಇದ್ದರೆ ಜಾಹೀರಾತು, 'ಎಸ್' ಸೇವೆ, 'ಟಿ' ವಹಿವಾಟು, 'ಜಿ' ಸರ್ಕಾರ. ನೋಂದಾಯಿತ ಜಾಹೀರಾತು ಕಾಲ್ 140ರಿಂದ ಶುರುವಾಗುತ್ತೆ. ಬೇಡ ಅನ್ನೋಕೆ, ದೂರು ಕೊಡೋಕೆ 1909. 2025ರ ತಿದ್ದುಪಡಿ ಪ್ರಕಾರ ಕಾಲ್ ಬಂದ ಏಳು ದಿನದೊಳಗೆ ದೂರು ಕೊಡಬಹುದು, 10 ದಿನದಲ್ಲಿ ಐದು ದೂರು ಬಿದ್ದರೂ ಆ ನಂಬರ್ ಮೇಲೆ ಕ್ರಮ ಶುರುವಾಗಬಹುದು. ಅಂದ್ರೆ ನೀವು ಬೈದು ಕಟ್ ಮಾಡೋ ಕಾಲ್ ಲೆಕ್ಕಕ್ಕಿಲ್ಲ, ದೂರು ಕೊಟ್ಟ ಕಾಲ್ ಲೆಕ್ಕಕ್ಕಿದೆ.

ಮತ್ತೆ, ಮನೆಯಲ್ಲಿ ನಿಮ್ಮ ಫೋನ್ ಯಾರು ಚೆಕ್ ಮಾಡ್ತಾರೆ? ನೀವು ಯಾರದ್ದು ಚೆಕ್ ಮಾಡ್ತೀರಿ? ಬರೆದು ಕಳಿಸಿ, ಹೆಸರು ಹೇಳದೆ ಮುಂದಿನ ಎಪಿಸೋಡ್‌ನಲ್ಲಿ ಓದ್ತೀನಿ. ಈ ಎಪಿಸೋಡ್ ಇಷ್ಟ ಆದರೆ ಫಾರ್ವರ್ಡ್ ಮಾಡಿ. ಆದರೆ ಕೇಳಿಸಿಕೊಳ್ಳೋ ಮನಸ್ಸಿರೋರಿಗೆ ಮಾತ್ರ, ಆಯ್ತಾ? ಸಿಗೋಣ.