ಸುತ್ತೂರು ಸೀಮೆಯ ಪ್ರಾಚೀನ ಜನಜೀವನ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಕಪಿಲಾ ತೀರದಲ್ಲಿ ನವಶಿಲಾಯುಗದಷ್ಟು ಹಿಂದೆಯೇ ಜನ ನೆಲೆಸಿದ್ದರು. ಕಪಿಲೆಯ ದಡದಲ್ಲಿರುವ ಸುತ್ತೂರು ಈ ಸೀಮೆಯ ಹೆಸರಾಂತ ಕ್ಷೇತ್ರ. ಸ್ಥಳೀಯರು ಊರಿನ ಇತಿಹಾಸವನ್ನು ಸಾಮಾನ್ಯವಾಗಿ ಗಂಗ-ಚೋಳರ ಕಾಲದಿಂದ ಹೇಳತೊಡಗುತ್ತಾರೆ. ಹೊಳೆದಂಡೆಯ ಮಣ್ಣಿನಲ್ಲಿರುವ ಸಾಕ್ಷ್ಯ ಅದಕ್ಕಿಂತ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಳೆಯದು.

ಕಪಿಲೆ ಕಾವೇರಿಯನ್ನು ಕೂಡುವ ಟಿ. ನರಸೀಪುರದಲ್ಲಿ 1959ರಿಂದ 1965ರ ನಡುವೆ ಪುರಾತತ್ವಜ್ಞ ಎಂ. ಶೇಷಾದ್ರಿ ಅವರು ಉತ್ಖನನ ನಡೆಸಿದರು. ಕ್ರಿ.ಪೂ. ಎರಡನೇ ಸಹಸ್ರಮಾನದ ನೆಲೆಯೊಂದು ಅಲ್ಲಿ ಬೆಳಕಿಗೆ ಬಂತು. ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿಗಳು, ಕೈಯಲ್ಲೇ ತಟ್ಟಿ ಮಾಡಿದ ಬೂದುಬಣ್ಣದ ಮಡಕೆಗಳು, ಪಕ್ಕದಲ್ಲಿ ಪಾತ್ರೆಗಳನ್ನಿಟ್ಟು ಹೂಳಿದ ಸಮಾಧಿಗಳು ದೊರೆತವು. ಇವುಗಳಲ್ಲಿ ಅತ್ಯಂತ ಅಪರೂಪದ್ದು ಸುಟ್ಟ ಮಣ್ಣಿನ ತಲೆಯಾನಿಕೆ. ಇದೇ ತಾಲ್ಲೂಕಿನ ಹೆಮ್ಮಿಗೆಯಲ್ಲೂ ಇಂಥದು ಸಿಕ್ಕಿದೆ. ಪ್ರಾಚೀನ ಈಜಿಪ್ಟಿನಲ್ಲೂ ತಲೆಯಾನಿಕೆಗಳ ಬಳಕೆ ಇತ್ತು. ಈ ಹೋಲಿಕೆ ಕುತೂಹಲಕರವೇನೋ ಹೌದು, ಆದರೆ ಇಷ್ಟರಿಂದಲೇ ಇಲ್ಲಿನ ಜನ ಅಲ್ಲಿಂದ ಬಂದವರೆಂದು ತೀರ್ಮಾನಿಸುವುದು ಸರಿಯಲ್ಲ.

ಮುಂದೆ ಹತ್ತಿರದ ತಲಕಾಡು ಗಂಗರ ರಾಜಧಾನಿಯಾಯಿತು. ಹನ್ನೊಂದನೇ ಶತಮಾನದ ಆರಂಭದಲ್ಲಿ ಅದು ಚೋಳರ ವಶವಾಯಿತು, ಶತಮಾನ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನನ ಪಾಲಾಯಿತು. ಹೊಯ್ಸಳರ ಕಾಲದ, 1268ರ ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಸುತ್ತೂರು ವೀರಸಿಂಹಾಸನ ಮಠದ ಪರಂಪರೆಯ ಪ್ರಕಾರ, ಯುದ್ಧಕ್ಕೆ ನಿಂತಿದ್ದ ಗಂಗ ರಾಚಮಲ್ಲನನ್ನೂ ಚೋಳ ರಾಜರಾಜನನ್ನೂ ಸಮಾಧಾನಪಡಿಸಿದ ಶಿವರಾತ್ರೀಶ್ವರ ಶಿವಯೋಗಿಗಳೇ ಮಠದ ಮೂಲಪುರುಷರು. ಶಾಸನವಿಲ್ಲದೆಯೂ ಈ ಕಥೆಗೆ ಬೆಲೆಯಿದೆ: ಗೆದ್ದವನನ್ನಲ್ಲ, ಜಗಳ ಬಿಡಿಸಿದವರನ್ನು ಈ ಜನ ನೆನಪಿನಲ್ಲಿ ಉಳಿಸಿಕೊಂಡರು. ‘ಘನಲಿಂಗಿಯ ಮೋಹದ ಚೆನ್ನಮಲ್ಲಿಕಾರ್ಜುನ’ ಅಂಕಿತದ ವಚನಕಾರ ಘನಲಿಂಗಿದೇವರೂ ಈ ಪೀಠಕ್ಕೆ ಸೇರಿದವರು.

ಜನವರಿ ಸುಮಾರಿಗೆ ನಡೆಯುವ ಸುತ್ತೂರು ಜಾತ್ರೆಯಲ್ಲಿ ರಥೋತ್ಸವ, ಕೊಂಡೋತ್ಸವ, ತೆಪ್ಪೋತ್ಸವ, ಸಾಮೂಹಿಕ ವಿವಾಹ, ಕುಸ್ತಿ, ದಾಸೋಹ ಎಲ್ಲವೂ ಉಂಟು. ಈ ನೆಲದ ಹಳೆಯ ಬದುಕು ಹೆಚ್ಚು ಎದ್ದು ಕಾಣುವುದು ದನಗಳ ಜಾತ್ರೆಯಲ್ಲಿ. ದಕ್ಷಿಣದ ನವಶಿಲಾಯುಗದ ಜನರಿಗೆ ದನಗಳೇ ದೊಡ್ಡ ಆಸ್ತಿಯಾಗಿದ್ದವು. ಈ ಭಾಗದ ರೈತರು ಇಂದಿಗೂ ಹಳ್ಳಿಕಾರ್ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ನೋಡಿ, ಸುಳಿ ಪರೀಕ್ಷಿಸಿ, ಆಮೇಲೆ ವ್ಯಾಪಾರಕ್ಕೆ ಕೂರುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕುವವರು ಕಡಿಮೆಯಾಗುತ್ತಿರುವುದರಿಂದ ಈ ತಿಳಿವಳಿಕೆಯನ್ನು ದಾಖಲಿಸುವುದು ತುರ್ತು ಕೆಲಸ.

ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮೀಜಿಯವರು 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಎಂಬ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅದು ನಡೆಸುವ ಸುತ್ತೂರಿನ ಉಚಿತ ವಸತಿ ಶಾಲೆಯಲ್ಲಿ ಈಗ ಕರ್ನಾಟಕದ ಮಕ್ಕಳ ಜೊತೆಗೆ ಬೇರೆ ರಾಜ್ಯಗಳ ಮಕ್ಕಳೂ ಓದುತ್ತಿದ್ದಾರೆ.