ಬಾಣಂತಿಯ ಒಂದು ಲೋಟ ನೀರು

ಮುಂಬಯಿಯ ಆಸ್ಪತ್ರೆಗಳ ಚರಿತ್ರೆಯೆಂದರೆ ದಾನಿಗಳ ಹೆಸರು, ಕಟ್ಟಡಗಳ ಶಂಕುಸ್ಥಾಪನೆ, ವೈದ್ಯರ ಸಾಧನೆ ಇಷ್ಟೇ ನಮ್ಮ ನೆನಪಿಗೆ ಬರುತ್ತದೆ. ಬಸುರಿ ಬಾಣಂತಿಯರನ್ನು ಕಾಡುವ ಮೂತ್ರದ ಸೋಂಕಿನಂಥ, ಬಾಯಿಬಿಟ್ಟು ಹೇಳಿಕೊಳ್ಳಲು ನಾಚುವ ಕಾಯಿಲೆಗೆ ಆ ಪುಟಗಳಲ್ಲಿ ಸ್ಥಳ ಕಡಿಮೆ. ಆದರೂ ಅದರ ಕಥೆ ಈ ನಗರದ ಕಥೆಯೊಡನೆ ಹೆಣೆದುಕೊಂಡಿದೆ.

1883ರ ಕೊನೆಯಲ್ಲಿ ಇಂಗ್ಲೆಂಡಿನ ವೈದ್ಯೆ ಎಡಿತ್ ಪೀಚಿ ಮುಂಬಯಿಗೆ ಬಂದಿಳಿದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಿಕ್ಷಣಕ್ಕಾಗಿ ಹೋರಾಡಿದ ಏಳು ಮಂದಿ ಮಹಿಳೆಯರಲ್ಲಿ ಅವರೊಬ್ಬರು. ಪರಪುರುಷನ ಮುಂದೆ ಮೈಯ ಕಷ್ಟ ಹೇಳಿಕೊಳ್ಳಲಾರದ ಹೆಂಗಸರಿಗೆ ಹೆಣ್ಣು ವೈದ್ಯರೇ ಬೇಕೆಂಬ ಬೇಡಿಕೆ ಆಗ ನಗರದಲ್ಲಿ ಬಲವಾಗಿತ್ತು. ಪಾರ್ಸಿ ದಾನಿ ಪೆಸ್ತೊನ್‌ಜಿ ಹೊರ್ಮುಸ್‌ಜಿ ಕಾಮಾ ಅವರ ಹಣದಿಂದ 1886ರಲ್ಲಿ ಕಾಮಾ ಆಸ್ಪತ್ರೆಯ ಬಾಗಿಲು ತೆರೆಯಿತು. ಪೀಚಿ ಅದರ ಹೊಣೆ ಹೊತ್ತರು. ಮೂತ್ರದ ಉರಿಯನ್ನು ಹೇಳಿಕೊಳ್ಳಲು ಒಂದು ಕಿವಿ ದೊರೆತದ್ದೇ ತಡೆಗಟ್ಟುವಿಕೆಯ ಮೊದಲ ಮೆಟ್ಟಿಲೆಂದು ನಮಗನ್ನಿಸುತ್ತದೆ.

ಎರಡನೆಯದು ಕೈತೊಳೆಯುವುದು. ವಿಯೆನ್ನಾದ ಸೆಮ್ಮಲ್‌ವೈಸ್ 1847ರಲ್ಲೇ ಹೆರಿಗೆ ವಾರ್ಡಿನ ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆಯುವಂತೆ ಮಾಡಿ, ಬಾಣಂತಿಜ್ವರದ ಸಾವುಗಳನ್ನು ಇಳಿಸಿದ್ದರು. ಅವರ ಮಾತನ್ನು ವೈದ್ಯಲೋಕ ಒಪ್ಪಲು ದಶಕಗಳೇ ಬೇಕಾದವು. ಕಾಮಾ ಆಸ್ಪತ್ರೆ ತೆರೆಯುವ ಹಿಂದಿನ ವರ್ಷ, 1885ರಲ್ಲಿ, ಥಿಯೋಡೋರ್ ಎಷೆರಿಖ್ ಶಿಶುಗಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿ ವರ್ಣಿಸಿದರು. ಇಂದು ಇ. ಕೋಲಿ ಎಂದು ಕರೆಯುವ ಅದೇ ಸೂಕ್ಷ್ಮಾಣು ಮೂತ್ರದ ಸೋಂಕಿಗೆ ಬಹುಮಟ್ಟಿಗೆ ಕಾರಣ.

ಬಸಿರಿನಲ್ಲಿ ಈ ಸೋಂಕು ಏಕೆ ಸುಲಭ? ಹೆಣ್ಣಿನ ಮೂತ್ರನಾಳ ಮೊದಲೇ ಗಿಡ್ಡ. ಬಸಿರಿನ ಹಾರ್ಮೋನುಗಳು ಮೂತ್ರಪಿಂಡದಿಂದ ಇಳಿಯುವ ನಾಳಗಳನ್ನು ಸಡಿಲಗೊಳಿಸುತ್ತವೆ, ಬೆಳೆಯುವ ಗರ್ಭ ಒತ್ತುತ್ತದೆ, ಮೂತ್ರ ನಿಂತ ನೀರಾಗುತ್ತದೆ. ಹೆರಿಗೆಯ ಬಳಿಕ ಚೀಲ ತುಂಬಿದ್ದೂ ತಿಳಿಯದೆ ಹೋಗಬಹುದು. ಮೂತ್ರ ತೆಗೆಯಲು ಹಾಕಿದ ಕೊಳವೆಯೂ ಸೂಕ್ಷ್ಮಾಣುವಿಗೆ ದಾರಿಯಾಗಬಲ್ಲದು. 1950ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಕ್ಯಾಸ್ ಒಂದು ಮಿಲಿಲೀಟರ್ ಮೂತ್ರದಲ್ಲಿ 1,00,000 ಬ್ಯಾಕ್ಟೀರಿಯಾ ಎಂಬ ಅಳತೆಗೋಲನ್ನು ಕೊಟ್ಟರು. ಯಾವ ನೋವೂ ಇಲ್ಲದ ಬಸುರಿಯಲ್ಲೂ ಸೋಂಕು ಅಡಗಿರಬಹುದು, ಬಿಟ್ಟರೆ ಅದು ಮೂತ್ರಪಿಂಡಕ್ಕೆ ಏರಬಹುದು, ಅವಧಿಗೆ ಮುಂಚೆ ಹೆರಿಗೆಯೂ ಆಗಬಹುದು ಎಂಬುದು ಹೀಗೆ ಸ್ಪಷ್ಟವಾಯಿತು. ಬಸುರಿನ ಆರಂಭದಲ್ಲೇ ಮೂತ್ರಪರೀಕ್ಷೆ ಮಾಡಿಸುವ ಪದ್ಧತಿಗೆ ಬೇರು ಇಲ್ಲಿದೆ.

ವಿಜ್ಞಾನ ಇಷ್ಟು ಮುಂದೆ ಸಾಗಿತು, ನಗರ ಸಾಗಿತೇ? 1896ರ ಪ್ಲೇಗಿನ ನಂತರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು, 1920ರ ದಶಕದಲ್ಲಿ ವರ್ಲಿ, ನಾಯ್‌ಗಾಂವ್, ಶಿವಡಿಗಳಲ್ಲಿ ಬಿಡಿಡಿ ಚಾಳುಗಳೆದ್ದವು. ಒಂದು ಕುಟುಂಬಕ್ಕೆ ಸುಮಾರು 160 ಚದರಡಿಯ ಒಂದು ಕೋಣೆ; ಮಹಡಿಯವರೆಲ್ಲರಿಗೂ ಸೇರಿ ಸಂಡಾಸು. ಮುಂಬಯಿಗೆ ಬಂದ ನಮ್ಮವರೂ ಇಂಥ ಚಾಳುಗಳಲ್ಲೇ ಬಾಳಿದರು. ಕೋಣೆಯ ಮೂಲೆಯ ಮೋರಿ, ಪಾತ್ರೆ ತೊಳೆಯುವ ಆ ಪುಟ್ಟ ಜಾಗವೇ, ರಾತ್ರಿ ಹೆಂಗಸರ ಕಷ್ಟಕ್ಕೆ ಒದಗುತ್ತಿತ್ತು. ಹಗಲಲ್ಲಿ ಸಾಲಿನಲ್ಲಿ ನಿಲ್ಲಬೇಕು, ಗಂಡಸರು ಎದುರಾಗುತ್ತಾರೆ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವುದು ಹೆಂಗಸರು ಕಂಡುಕೊಂಡ ಉಪಾಯ. ಸೀಮಂತ ಮುಗಿಸಿ ತವರಿಗೆ ಹೊರಟ ಬಸುರಿಗೆ ಕೊಂಕಣ ರೈಲು ಬರುವ ಮುನ್ನ ಇಡೀ ರಾತ್ರಿಯ ಬಸ್ಸು ಪ್ರಯಾಣ. ಬಸ್ಸು ನಿಂತಲ್ಲೆಲ್ಲ ಆಕೆಗೆ ಮರೆ ಸಿಗುತ್ತಿರಲಿಲ್ಲ.

ತವರಿನಲ್ಲಾದರೂ ನೀರು ದೊರೆಯಿತೇ ಎಂದರೆ, ಅಲ್ಲಿ ಬಾಣಂತನದ ಕಟ್ಟಳೆ ಕಾದಿತ್ತು. ಬಾಣಂತಿ ನೀರು ಕುಡಿದರೆ ನಂಜಾಗುತ್ತದೆ, ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂಬ ನಂಬಿಕೆ ಕರ್ನಾಟಕದ ಹಲವೆಡೆ ಇನ್ನೂ ಜೀವಂತ. ನಮ್ಮ ಅಜ್ಜಿಯಂದಿರನ್ನು ಹಂಗಿಸುವ ಮನಸ್ಸು ನಮಗಿಲ್ಲ. ಬಿಸಿನೀರ ಸ್ನಾನ, ವಿಶ್ರಾಂತಿ, ಜೀರಿಗೆ ಕಷಾಯ ಇವೆಲ್ಲ ಅವರೇ ಕೊಟ್ಟ ಆರೈಕೆ. ಕುದಿಸಿ ಆರಿಸದ ಕೆರೆನೀರಿನ ಕಾಲದಲ್ಲಿ ಆ ಎಚ್ಚರಕ್ಕೊಂದು ಅರ್ಥವೂ ಇದ್ದಿರಬಹುದು. ಆದರೆ ಕಾರಣ ಕಳಚಿದ ಮೇಲೂ ಕಟ್ಟಳೆ ಉಳಿಯಿತು. ಹಾಲೂಡುವ ತಾಯಿಗೆ ನೀರು ಹೆಚ್ಚೇ ಬೇಕು. ಹೆರಿಗೆಯ ಬಳಿಕ ಸುಮಾರು ಆರು ಗಂಟೆಯೊಳಗೆ ಮೂತ್ರವಾಯಿತೇ ಎಂದು ದಾದಿಯರು ಕೇಳುವುದೂ, ಕೊಳವೆಯನ್ನು ಬೇಗ ತೆಗೆಯುವುದೂ ಇದೇ ತಿಳಿವಿನಿಂದ.

2011ರ ಸುಮಾರಿಗೆ ಮುಂಬಯಿಯ ಮಹಿಳಾ ಸಂಘಟನೆಗಳು ‘ರೈಟ್ ಟು ಪೀ’ ಎಂಬ ಚಳವಳಿ ಹೂಡಿದವು. ಗಂಡಸರಿಗೆ ಉಚಿತವಾದ ಮೂತ್ರಾಲಯಕ್ಕೆ ಹೆಂಗಸರೇಕೆ ದುಡ್ಡು ತೆರಬೇಕೆಂಬ ಅವರ ಪ್ರಶ್ನೆಗೆ ನಗೆಯಾಡಿದವರೂ ಇದ್ದರು. ವಿರಾರಿನಿಂದ ಚರ್ಚ್‌ಗೇಟಿಗೆ ಶೌಚಾಲಯವಿಲ್ಲದ ಲೋಕಲ್‌ನಲ್ಲಿ ನಿಂತು ಹೋಗುವ ಬಸುರಿಗೆ ಆ ಪ್ರಶ್ನೆ ನಗೆಯದಾಗಿರಲಿಲ್ಲ. ಮುಂಬಯಿಯ ನಮ್ಮ ಮನೆಗಳಲ್ಲಿ ಈಗ ಬಾಣಂತನಕ್ಕೆ ಊರಿನಿಂದ ಅಮ್ಮಂದಿರೇ ಬಂದು ನಿಲ್ಲುತ್ತಾರೆ. ತುಂಬಿದ ತಂಬಿಗೆಯನ್ನು ಮಗಳ ಮಂಚದ ಪಕ್ಕದಲ್ಲಿಡಬೇಕೇ ಬೇಡವೇ ಎಂಬ ಚರ್ಚೆ ಅಮ್ಮನಿಗೂ ಮಗಳಿಗೂ ನಡೆದೇ ಇದೆ.